ಮೈಕ್ರೋಸ್ಕೋಪು, ಈರುಳ್ಳಿ ಸಿಪ್ಪೆ, ಜೀವಕೋಶ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ಪಿಯು ಕಾಲೇಜಲ್ಲಿ ಬಯಾಲಜಿ ಲ್ಯಾಬ್ ನೋಡ್ಕೊಳ್ತಾ ಹತ್ತೊಂಬತ್ತು ವರ್ಷ ಆಯ್ತು. ಮಕ್ಕಳು, ಅವರ ಅಪ್ಪ ಅಮ್ಮ, ಹೈಸ್ಕೂಲಿಗೆ ಹೊಸದಾಗಿ ಬಂದ ಮೇಷ್ಟ್ರುಗಳು, ಈಗೀಗ ಮನೆಗೇ ಒಂದು ಮೈಕ್ರೋಸ್ಕೋಪ್ ತರಿಸ್ಕೊಂಡೋರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ. ಒಂದೊಂದು ಸಲ ಫೋನಲ್ಲಿ ಹೇಳೋಕೆ ಹೋಗಿ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೀನಿ.

ಮೈಕ್ರೋಸ್ಕೋಪಲ್ಲಿ ಏನೂ ಕಾಣ್ತಿಲ್ಲ, ಬರೀ ಬೆಳ್ಳಗೆ ಇದೆ, ಕೆಟ್ಟೋಗಿದ್ಯಾ?

ಕೆಟ್ಟಿರಲ್ಲ. ನೂರಕ್ಕೆ ತೊಂಬತ್ತು ಸಲ ಎರಡೇ ಕಾರಣ, ಒಂದು ನೀವು ನೇರ ದೊಡ್ಡ ಲೆನ್ಸಿಗೆ ಹೋಗಿದ್ದೀರ, ಇನ್ನೊಂದು ಬೆಳಕು ವಿಪರೀತ ಜಾಸ್ತಿ ಇದೆ.

ಮೊದಲು 4ಎಕ್ಸ್ ಲೆನ್ಸ್ ಹಾಕಿ, ಅಂದ್ರೆ ಎಲ್ಲಕ್ಕಿಂತ ಗಿಡ್ಡ ಇರೋದು, ಸಾಮಾನ್ಯವಾಗಿ ಕೆಂಪು ಪಟ್ಟಿ ಇರುತ್ತೆ. ಸ್ಲೈಡ್ ಮೇಲಿರೋ ವಸ್ತು ಸರಿಯಾಗಿ ರಂಧ್ರದ ಮೇಲೆ, ಬೆಳಕು ಬರೋ ಜಾಗಕ್ಕೆ ಬರೋ ಹಾಗೆ ಇಡಿ. ಈಗ ಕಣ್ಣು ಐಪೀಸಿಗೆ, ಅಂದ್ರೆ ಮೇಲೆ ಕಣ್ಣಿಟ್ಟು ನೋಡೋ ಲೆನ್ಸಿಗೆ, ಹಚ್ಚಬೇಡಿ, ಪಕ್ಕದಿಂದ ಬಗ್ಗಿ ನೋಡ್ತಾ ದೊಡ್ಡ ನಾಬ್ ತಿರುಗಿಸಿ ಲೆನ್ಸನ್ನ ಸ್ಲೈಡಿಗೆ ಹತ್ತಿರ ತನ್ನಿ. ಆಮೇಲೆ ಕಣ್ಣು ಹಚ್ಚಿ, ನಿಧಾನಕ್ಕೆ ದೂರ ಮಾಡ್ತಾ ಹೋಗಿ. ಹತ್ತಿರ ತರೋದು ಪಕ್ಕದಿಂದ ನೋಡ್ತಾ, ದೂರ ಮಾಡೋದು ಐಪೀಸಲ್ಲಿ ನೋಡ್ತಾ. ಇಷ್ಟು ರೂಢಿ ಆದ್ರೆ ನಿಮ್ಮ ಕೈಯಲ್ಲಿ ಒಂದು ಸ್ಲೈಡೂ ಒಡೆಯಲ್ಲ.

ಆಮೇಲೆ ಸ್ಟೇಜ್, ಅಂದ್ರೆ ಸ್ಲೈಡ್ ಇಡೋ ತಟ್ಟೆ, ಅದರ ಕೆಳಗೆ ಒಂದು ಚಿಕ್ಕ ಹಿಡಿ ಇರುತ್ತೆ, ಡಯಾಫ್ರಾಮ್ ಅಂತ, ಅದನ್ನ ಸ್ವಲ್ಪ ಮುಚ್ಚಿ. ಬಣ್ಣ ಇಲ್ಲದ ಜೀವಕೋಶ ಗಾಜಿನ ಥರ, ಪಾರದರ್ಶಕ, ಬೆಳಕು ಭರ್ತಿ ಇದ್ರೆ ಅದು ಇದ್ದೂ ಇಲ್ಲದ ಹಾಗೆ. ಡಯಾಫ್ರಾಮ್ ಮುಚ್ಚಿದ ತಕ್ಷಣ ಅಂಚುಗಳು ಎದ್ದು ಬರುತ್ತೆ. ನಾನು ಎಲ್ಲರಿಗೂ ಹೇಳೋ ಮಾತು ಇದೊಂದೇ, ಪವರ್ ಆಮೇಲೆ, ಮೊದಲು ಬೆಳಕು ಸರಿ ಮಾಡ್ಕೊಳ್ಳಿ.

ಕನ್ನಡಿ ಇರೋ ಹಳೇ ಮೈಕ್ರೋಸ್ಕೋಪ್ ಆದ್ರೆ ಒಂದು ಎಚ್ಚರಿಕೆ. ಕನ್ನಡಿಯನ್ನ ನೇರವಾಗಿ ಸೂರ್ಯನ ಕಡೆ ಯಾವತ್ತೂ ತಿರುಗಿಸಬೇಡಿ. ಕಣ್ಣು ಸುಟ್ಟೋಗುತ್ತೆ, ಇದು ಹೆದರಿಸೋಕೆ ಹೇಳ್ತಿರೋದಲ್ಲ. ಕಿಟಕಿ ಹೊರಗಿನ ಆಕಾಶದ ಬೆಳಕು ಇಲ್ಲಾ ಟ್ಯೂಬ್‌ಲೈಟ್ ಸಾಕು.

ಲೆನ್ಸ್ ಮೇಲೆ 40 ಅಂತಿದೆ, ನೀವು 400 ಅಂತೀರಲ್ಲ?

ಎರಡು ಲೆನ್ಸ್ ಇದೆ ಅಲ್ವಾ, ಕಣ್ಣಿನ ಹತ್ತಿರ ಇರೋದು ಸಾಮಾನ್ಯವಾಗಿ 10 ಪಟ್ಟು, ಕೆಳಗಿನದು 40 ಪಟ್ಟು, ಗುಣಿಸಿದ್ರೆ 400. ಹಾಗೇ 4 ಇದ್ರೆ 40, 10 ಇದ್ರೆ 100, ಎಣ್ಣೆ ಹಾಕೋ 100ರ ಲೆನ್ಸಲ್ಲಿ 1000.

ಆನ್‌ಲೈನಲ್ಲಿ 2000 ಪಟ್ಟು ಅಂತ ಮಾರ್ತಾರೆ, ಅದು ಇನ್ನೂ ಒಳ್ಳೇದಾ?

ಅಲ್ಲ. ಬೆಳಕಿನ ಮೈಕ್ರೋಸ್ಕೋಪಿಗೆ ಒಂದು ಮಿತಿ ಇದೆ, ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ಅದನ್ನ ಹೇಳಿದ್ರು. ಸುಮಾರು 0.2 ಮೈಕ್ರಾನಿಗಿಂತ ಹತ್ತಿರ ಇರೋ ಎರಡು ಚುಕ್ಕೆಗಳು ಬೆಳಕಲ್ಲಿ ಎರಡಾಗಿ ಕಾಣಲ್ಲ, ಒಂದೇ ಚುಕ್ಕೆ ಆಗಿ ಕಾಣುತ್ತೆ. ಮೈಕ್ರಾನ್ ಅಂದ್ರೆ ಮಿಲಿಮೀಟರಲ್ಲಿ ಸಾವಿರದ ಒಂದು ಭಾಗ. ಆ ಮಿತಿ ದಾಟಿ ಐಪೀಸ್ ಬದಲಾಯಿಸಿ ಎಷ್ಟು ದೊಡ್ಡದು ಮಾಡಿದ್ರೂ ಮಸುಕೇ ದೊಡ್ಡದಾಗೋದು, ಹೊಸ ವಿವರ ಒಂದೂ ಬರಲ್ಲ. ಒಳ್ಳೇ 400 ಪಟ್ಟು ಸಾಕು, ಹೈಸ್ಕೂಲು ಪಿಯುಸಿ ಎರಡಕ್ಕೂ ಧಾರಾಳ.

ಸ್ಲೈಡನ್ನ ಬಲಕ್ಕೆ ತಳ್ಳಿದ್ರೆ ಚಿತ್ರ ಎಡಕ್ಕೆ ಹೋಗುತ್ತಲ್ಲ?

ಹೌದು, ಚಿತ್ರ ತಲೆಕೆಳಗೂ ಆಗಿರುತ್ತೆ, ಎಡಬಲವೂ ಅದಲುಬದಲಾಗಿರುತ್ತೆ. ಪೇಪರಿಂದ ಒಂದು ಚಿಕ್ಕ 'ಕ' ಅಕ್ಷರ ಕತ್ತರಿಸಿ ಸ್ಲೈಡ್ ಮೇಲಿಟ್ಟು 4ಎಕ್ಸಲ್ಲಿ ನೋಡಿ, ತಕ್ಷಣ ಗೊತ್ತಾಗುತ್ತೆ. ಹೊಸಬರಿಗೆ ನಾನು ಮೊದಲು ಮಾಡಿಸೋದೇ ಇದು, ಯಾಕಂದ್ರೆ ಫೋಕಸ್ ಮಾಡೋದು, ಸ್ಲೈಡ್ ಓಡಿಸೋದು ಎರಡಕ್ಕೂ ಕೈ ಕೂರುತ್ತೆ, ಶಾಯಿ ಕಾಗದದ ನಾರಿನ ಮೇಲೆ ಹೇಗೆ ಹರಡಿದೆ ಅನ್ನೋದೂ ಕಾಣುತ್ತೆ.

ಈರುಳ್ಳಿ ಸ್ಲೈಡ್ ಮಾಡೋ ಸರಿಯಾದ ಕ್ರಮ ಯಾವುದು?

ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಇದೊಂದು ಬಂದ್ರೆ ಉಳಿದಿದ್ದೆಲ್ಲ ಬರುತ್ತೆ.

ಈರುಳ್ಳಿನ ನಾಲ್ಕು ಹೋಳು ಮಾಡಿ, ಒಳಗಿನ ಒಂದು ದಪ್ಪ ಪದರ ತೆಗೀರಿ. ಹೊರಗಿನ ಒಣ ಕೆಂಪು ಸಿಪ್ಪೆ ಅಲ್ಲ, ಅದು ಸತ್ತಿದ್ದು. ಆ ಪದರಕ್ಕೆ ಒಂದು ಉಬ್ಬಿದ ಮೈ, ಒಂದು ತಗ್ಗಿದ ಮೈ ಇರುತ್ತೆ ಅಲ್ವಾ, ನಮಗೆ ಬೇಕಾಗಿರೋದು ತಗ್ಗಿದ ಮೈ, ಒಳಗಿಂದು. ಪದರವನ್ನ ಹೊರಮೈ ಕಡೆಗೆ ಮಡಚಿ ಲಟಕ್ಕಂತ ಮುರಿದ್ರೆ ಒಳಮೈ ಕಡೆ ಒಂದು ತೆಳ್ಳನೆ ಪೊರೆ ಮುರಿಯದೆ ಜೋತಾಡ್ತಾ ಉಳಿಯುತ್ತೆ, ಹಾಲಿನ ಕೆನೆಗಿಂತ ತೆಳು. ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೀರಿ. ಹಿಡಿಯಷ್ಟು ಬೇಡ, ಉಗುರಿನ ಅರ್ಧದಷ್ಟು ತುಂಡು ಸಾಕು.

ಈಗ ಗಡಿಬಿಡಿ ಮಾಡಬೇಡಿ ಅಂತೀನಿ, ಆದ್ರೆ ತಡವೂ ಮಾಡಬೇಡಿ. ಪೊರೆ ಗಾಳೀಲಿ ಒಣಗಿದ್ರೆ ಸುರುಳಿ ಸುತ್ಕೊಳ್ಳುತ್ತೆ, ಆಮೇಲೆ ಬಿಡಿಸೋಕಾಗಲ್ಲ. ಮೊದಲೇ ಸ್ಲೈಡ್ ಮೇಲೆ ಒಂದು ಹನಿ ನೀರು ಹಾಕಿಟ್ಕೊಂಡಿರಿ, ಪೊರೆ ಬಂದ ತಕ್ಷಣ ನೀರಲ್ಲಿ ಹಾಸಿ, ಮಡಚಿದ್ರೆ ಸೂಜಿಯಲ್ಲಿ ಬಿಡಿಸಿ. ಕೋಶಕ್ಕೆ ಬಣ್ಣ ಹತ್ತಿಸೋಕೆ ಒಂದು ಹನಿ ಸಾಫ್ರನಿನ್ ಅಥವಾ ಅಯೋಡಿನ್ ಹಾಕಿ ಒಂದೆರಡು ನಿಮಿಷ ಬಿಡಿ. ಆಮೇಲೆ ಕವರ್ ಸ್ಲಿಪ್, ಅಂದ್ರೆ ಮೇಲೆ ಮುಚ್ಚೋ ತೆಳ್ಳನೆ ಗಾಜಿನ ಚೂರು. ಅದನ್ನ ಚಪ್ಪಟೆಯಾಗಿ ಮೇಲಿಂದ ಬಿಡಬಾರದು, ಒಂದು ಅಂಚನ್ನ ನೀರಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಾಗಿ ಸೂಜಿ ಮೇಲೆ ಒರಗಿಸಿ, ಸೂಜಿ ಇಳಿಸ್ತಾ ಇಳಿಸ್ತಾ ಅದೇ ಮಲಗಬೇಕು. ಜಾಸ್ತಿ ಇರೋ ನೀರನ್ನ ಫಿಲ್ಟರ್ ಪೇಪರ್ ತುದಿಯಲ್ಲಿ ಹೀರಿ.

4ಎಕ್ಸಲ್ಲಿ ಹಾಕಿದ್ರೆ ಇಟ್ಟಿಗೆ ಗೋಡೆ ಕಾಣುತ್ತೆ, ಉದ್ದುದ್ದ ಇಟ್ಟಿಗೆ. 10ಕ್ಕೆ ಬಂದ್ರೆ ಒಂದೊಂದು ಕೋಣೆಯಲ್ಲೂ ಒಂದು ಗಾಢ ಚುಕ್ಕೆ. 40ರಲ್ಲಿ ಆ ಚುಕ್ಕೆ ದುಂಡಗಿನ ನ್ಯೂಕ್ಲಿಯಸ್ ಅಂತ ಸ್ಪಷ್ಟ ಆಗುತ್ತೆ, ಒಳಗೆ ಇನ್ನೂ ಚಿಕ್ಕ ಒಂದೆರಡು ಚುಕ್ಕೆ, ಅದು ನ್ಯೂಕ್ಲಿಯೋಲಸ್. ನ್ಯೂಕ್ಲಿಯಸ್ ಎಷ್ಟೋ ಕೋಶದಲ್ಲಿ ನಡುವೆ ಇರಲ್ಲ, ಗೋಡೆಗೆ ಆತ್ಕೊಂಡಿರುತ್ತೆ. ನಡುವೆ ಇರೋದು ರಸದಾನಿ, ನೀರು ತುಂಬಿದ ದೊಡ್ಡ ಚೀಲ, ಅದು ಉಳಿದಿದ್ದನ್ನೆಲ್ಲ ಅಂಚಿಗೆ ತಳ್ಳಿರುತ್ತೆ. ಪುಸ್ತಕ ನೋಡಿ ಚಿತ್ರ ಬರೆಯೋ ಮಕ್ಕಳು ಎಲ್ಲಾ ಕೋಶಕ್ಕೂ ನಡುವೆನೇ ಚುಕ್ಕೆ ಇಡ್ತಾರೆ, ಮೈಕ್ರೋಸ್ಕೋಪ್ ನೋಡಿ ಬರೆದೋರು ಅಂಚಲ್ಲಿ ಇಡ್ತಾರೆ. ರೆಕಾರ್ಡ್ ನೋಡಿದ್ರೇ ಯಾರು ನಿಜವಾಗಿ ನೋಡಿದ್ದಾರೆ ಅಂತ ನಂಗೆ ಗೊತ್ತಾಗಿಬಿಡುತ್ತೆ.

ಕಪ್ಪು ದಪ್ಪ ಅಂಚಿನ ದುಂಡಗಿನ ಕೋಶಗಳು ಕಾಣ್ತಿವೆ, ಏನದು?

ಗಾಳಿ ಗುಳ್ಳೆ. ಅಂಚು ಕರೀ ಉಂಗುರದ ಥರ ದಪ್ಪ ಇದ್ದು, ಒಳಗೆ ಏನೂ ಇಲ್ಲದೆ ಹೊಳೀತಿದ್ರೆ ಗುಳ್ಳೆನೇ. ಕವರ್ ಸ್ಲಿಪ್ಪನ್ನ ಮೇಲಿಂದ ಬಿಟ್ಟಿದ್ದೀರ. ಪಕ್ಕದಿಂದ ಒಂದು ಹನಿ ನೀರು ಕೊಡಿ, ಇಲ್ಲಾ ತೆಗೆದು ಮತ್ತೆ ಹಾಕಿ.

ಮನೇಲಿ ಸಾಫ್ರನಿನ್ ಇಲ್ಲ, ಬೇರೆ ಏನು ಹಾಕಬಹುದು?

ಗಾಯಕ್ಕೆ ಹಚ್ಚೋ ಪೊವಿಡೋನ್ ಅಯೋಡಿನ್ ಇದ್ಯಲ್ಲ, ಅದನ್ನ ತಿಳಿ ಟೀ ಬಣ್ಣ ಬರೋವರೆಗೆ ನೀರಲ್ಲಿ ತೆಳು ಮಾಡಿ ಹಾಕಿ. ಈರುಳ್ಳಿಗೆ ಸಾಕಾಗುತ್ತೆ. ಅದೇ ಹನಿಯನ್ನ ಆಲೂಗಡ್ಡೆ ಕೆರೆದ ರಸಕ್ಕೆ ಹಾಕಿ ನೋಡಿ, ಪಿಷ್ಟದ ಕಾಳುಗಳು ಕಡುನೀಲಿ ಆಗುತ್ತೆ, ಮೊಟ್ಟೆ ಆಕಾರದ ಕಾಳು. ಬಣ್ಣ ಹಾಕೋ ಮೊದಲು ಒಂದು ಸಲ ಹಾಗೇ ನೋಡಿ, ಕಾಳಿನೊಳಗೆ ಮರದ ಉಂಗುರದ ಹಾಗೆ ಪದರ ಪದರ ಗೆರೆ ಕಾಣುತ್ತೆ.

ಈರುಳ್ಳಿ ಗಿಡದ್ದೇ ಅಲ್ವಾ, ಹಸಿರು ಕ್ಲೋರೋಪ್ಲಾಸ್ಟ್ ಯಾಕೆ ಕಾಣಲ್ಲ?

ಕ್ಲೋರೋಪ್ಲಾಸ್ಟ್ ಅಂದ್ರೆ ಬಿಸಿಲಲ್ಲಿ ಗಿಡದ ಅಡುಗೆ ಮಾಡೋ ಹಸಿರು ಕಾಳು. ಗಡ್ಡೆ ಮಣ್ಣೊಳಗೆ ಬೆಳೆಯೋದು, ಅಲ್ಲಿ ಬಿಸಿಲಿಲ್ಲ, ಅಡುಗೆ ಮಾಡೋ ಕೆಲಸ ಅದಕ್ಕಿಲ್ಲ. ಹಸಿರು ನೋಡಬೇಕಂದ್ರೆ ಕೆರೆಯ ಹೈಡ್ರಿಲ್ಲಾ ಎಲೆ ತನ್ನಿ, ಅಕ್ವೇರಿಯಂ ಅಂಗಡೀಲೂ ಸಿಗುತ್ತೆ. ಎಲೆ ಎರಡೇ ಪದರ ಕೋಶದಷ್ಟು ತೆಳು, ಕತ್ತರಿಸೋದೂ ಬೇಡ, ಎಳೇ ಎಲೆ ಒಂದನ್ನ ಕಿತ್ತು ಹಾಗೇ ನೀರಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಿ. ಲೈಟ್ ಆನ್ ಮಾಡಿ ಐದು ಹತ್ತು ನಿಮಿಷ ಬಿಟ್ಟು 40ರಲ್ಲಿ ನೋಡಿದ್ರೆ ಹಸಿರು ಕಾಳುಗಳು ಗೋಡೆ ಪಕ್ಕದಲ್ಲೇ ಒಂದರ ಹಿಂದೆ ಒಂದು ಸಾಲಾಗಿ ಹೊರಟಿರುತ್ತೆ, ತೇರಿನ ಹಿಂದೆ ಜನ ಹೋದ ಹಾಗೆ. ಅವು ತಾವಾಗೇ ಈಜೋದಲ್ಲ, ಕೋಶದ ಒಳಗಿನ ಸೈಟೋಪ್ಲಾಸಂ ಅನ್ನೋ ದ್ರವ ಹರಿಯುತ್ತೆ, ಅದು ಇವನ್ನ ಹೊತ್ಕೊಂಡು ಹೋಗುತ್ತೆ. ಒಂದು ವರ್ಷ ಫಸ್ಟ್ ಪಿಯುಸಿ ಹುಡುಗಿಯೊಬ್ಬಳು ಇದನ್ನ ನೋಡ್ತಾ ಕೂತೋಳು ಬೆಲ್ ಹೊಡೆದ್ರೂ ಏಳ್ಲಿಲ್ಲ, ಆಮೇಲೆ "ಸರ್, ಇದು ಕೆರೇಲಿರುವಾಗಲೂ ಹೀಗೇ ತಿರುಗ್ತಾ ಇರುತ್ತಾ" ಅಂತ ಕೇಳಿದ್ಳು. ಇರುತ್ತೆ.

ಕೋಶಭಿತ್ತಿ, ಕೋಶಪೊರೆ ಎರಡೂ ಬೇರೆ ಬೇರೆನಾ? ಒಂದೇ ಗೆರೆ ಕಾಣುತ್ತಲ್ಲ.

ಬೇರೆನೇ. ಕಾಣೋ ಗೆರೆ ಭಿತ್ತಿ, ಅಂದ್ರೆ ಗೋಡೆ, ಸೆಲ್ಯುಲೋಸಿಂದ ಆಗಿದ್ದು. ಪೊರೆ ಅದರ ಒಳಗೆ ಅಂಟ್ಕೊಂಡಿರುತ್ತೆ, ದಪ್ಪ ಮೈಕ್ರಾನಿನ ನೂರನೇ ಒಂದು ಭಾಗಕ್ಕಿಂತ ಕಮ್ಮಿ, ಹಾಗಾಗಿ ನೇರವಾಗಿ ಕಾಣಲ್ಲ. ಆದ್ರೆ ಅದು ಇದೆ ಅನ್ನೋದನ್ನ ಕಣ್ಣಾರೆ ನೋಡಬಹುದು, ಉಪ್ಪು ನೀರು ಇದ್ರೆ ಸಾಕು.

ಎಲೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ ಇರೋ ಅಲಂಕಾರದ ಗಿಡ ಒಂದಿದೆ, ಲ್ಯಾಬಲ್ಲಿ ರಿಯೋ ಅಂತೀವಿ, ಎಷ್ಟೋ ಮನೆ ಅಂಗಳದಲ್ಲಿ ಇರುತ್ತೆ. ಎಲೆಯನ್ನ ಓರೆಯಾಗಿ ಹರಿದ್ರೆ ಅಡಿಯ ನೇರಳೆ ಸಿಪ್ಪೆ ಅಂಚಲ್ಲಿ ಉಳಿಯುತ್ತೆ, ಅದನ್ನ ನೀರಲ್ಲಿ ಹಾಕಿ ನೋಡಿ, ಕೋಶ ತುಂಬಾ ನೇರಳೆ ಬಣ್ಣ. ಈಗ ಕವರ್ ಸ್ಲಿಪ್ಪಿನ ಒಂದು ಪಕ್ಕ ಉಪ್ಪು ನೀರಿನ ಹನಿ ಇಟ್ಟು ಇನ್ನೊಂದು ಪಕ್ಕದಿಂದ ಫಿಲ್ಟರ್ ಪೇಪರಲ್ಲಿ ಹೀರಿ. ಅರ್ಧ ಲೋಟ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಕೆಲವೇ ನಿಮಿಷದಲ್ಲಿ ನೇರಳೆ ಚೀಲ ಕುಗ್ಗಿ ಗೋಡೆ ಬಿಟ್ಟು ಒಳಗೆ ಸರಿಯುತ್ತೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತೆ. ಆ ನೇರಳೆಯ ಹೊರ ಅಂಚಿದೆಯಲ್ಲ, ಅಲ್ಲಿ ಕೋಶಪೊರೆ. ಮತ್ತೆ ಸಾದಾ ನೀರು ಕೊಟ್ಟರೆ ಉಬ್ಬಿ ವಾಪಸ್ ಬರುತ್ತೆ, ತೀರಾ ಹೊತ್ತು ಉಪ್ಪಲ್ಲಿ ಬಿಟ್ಟಿದ್ರೆ ಬರಲ್ಲ, ಕೋಶ ಸತ್ತಿರುತ್ತೆ.

ಮಾವಿನ ಮಿಡಿ ಉಪ್ಪಿಗೆ ಹಾಕಿದಾಗ ಭರಣಿಯಲ್ಲಿ ತಾನಾಗೇ ನೀರು ಬಿಟ್ಕೊಂಡು ಮಿಡಿ ಸುಕ್ಕಾಗೋದೂ ಇದೇ. ಹೊರಗೆ ಉಪ್ಪು ಜಾಸ್ತಿ, ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತೆ. ಪುಸ್ತಕದಲ್ಲಿ ಇದಕ್ಕೆ ಅಭಿಸರಣ ಅಂತಾರೆ, ಮಿಡಿ ಹಾಕೋ ಅಮ್ಮಂದಿರಿಗೆ ಹೆಸರು ಗೊತ್ತಿಲ್ಲದಿದ್ರೂ ಉಪ್ಪು ಎಷ್ಟು ಸುರಿದ್ರೆ ಎಷ್ಟು ದಿನಕ್ಕೆ ಮಿಡಿ ಸುಕ್ಕಾಗುತ್ತೆ ಅನ್ನೋದು ಪಕ್ಕಾ ಗೊತ್ತು.

ನಮ್ಮದೇ ಜೀವಕೋಶ ನೋಡೋದು ಹೇಗೆ? ರಕ್ತ ತೆಗೀಬಹುದಾ?

ಮನೇಲಿ, ಶಾಲೇಲಿ ರಕ್ತ ಬೇಡ. ಒಂದೇ ಸೂಜಿ ಇಬ್ಬರಿಗೆ ಚುಚ್ಚಿದ್ರೂ ಸೋಂಕು ಹರಡುತ್ತೆ, ಅಷ್ಟು ರಿಸ್ಕ್ ತಗೊಳ್ಳೋ ಅಂಥದ್ದಲ್ಲ. ರೆಡಿಮೇಡ್ ಸ್ಲೈಡ್ ಸಿಗುತ್ತೆ, ಅದನ್ನ ನೋಡಿ.

ಕೆನ್ನೆ ಒಳಗಿನ ಕೋಶ ಸುಲಭ. ಬಾಯಿ ಮುಕ್ಕಳಿಸಿ, ಹೊಸ ಹತ್ತಿ ಕಡ್ಡಿಯಲ್ಲಿ ಕೆನ್ನೆ ಒಳಮೈ ಮೆಲ್ಲಗೆ ಉಜ್ಜಿ, ಸ್ಲೈಡಿಗೆ ಸವರಿ, ಒಂದು ಹನಿ ಮೆಥಿಲೀನ್ ಬ್ಲೂ, ಕವರ್ ಸ್ಲಿಪ್. ಒಬ್ಬರ ಕಡ್ಡಿ ಒಬ್ಬರೇ ಬಳಸಬೇಕು, ಮುಗಿದ ಮೇಲೆ ಬ್ಲೀಚಿಂಗ್ ನೀರಲ್ಲಿ ಹಾಕಿ ಬಿಸಾಡಿ. ಹರಕು ಹಂಚಿನ ಚೂರುಗಳ ಥರ ಚಪ್ಪಟೆ ಕೋಶಗಳು, ನಡುವೆ ನೀಲಿ ಚುಕ್ಕೆ. ಗೋಡೆ ಇಲ್ಲ, ಅದಕ್ಕೇ ಆಕಾರ ಒಂದೊಂದು ಒಂದೊಂದು ಥರ, ಕೆಲವು ಮಡಚಿರುತ್ತೆ. ಅದರ ಮೇಲೆ ತೀರಾ ಸಣ್ಣ ನೀಲಿ ಕಾಳುಗಳು ಕಂಡ್ರೆ ಗಾಬರಿ ಬೇಡ, ಬಾಯಲ್ಲಿರೋ ಬ್ಯಾಕ್ಟೀರಿಯಾ, ಎಲ್ಲರ ಬಾಯಲ್ಲೂ ಇರುತ್ತೆ.

ಕಾಣ್ತಿರೋದು ಎಷ್ಟು ದೊಡ್ಡದು ಅಂತ ಅಳೆಯೋದು ಹೇಗೆ?

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನ ಸ್ಲೈಡ್ ಜಾಗದಲ್ಲಿ ಇಟ್ಟು 4ಎಕ್ಸಲ್ಲಿ ನೋಡಿ. ಕಾಣೋ ವೃತ್ತದಲ್ಲಿ ಅಡ್ಡಕ್ಕೆ ಎಷ್ಟು ಮಿಲಿಮೀಟರ್ ಗೆರೆ ಬರುತ್ತೆ ಎಣಿಸಿ. ಸ್ಟೂಡೆಂಟ್ ಮೈಕ್ರೋಸ್ಕೋಪಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಆಸುಪಾಸು ಬರುತ್ತೆ. ಲೆನ್ಸ್ ಹತ್ತು ಪಟ್ಟು ದೊಡ್ಡದಾದ್ರೆ ವೃತ್ತ ಹತ್ತು ಪಟ್ಟು ಚಿಕ್ಕದು, ಅಂದ್ರೆ 40ರಲ್ಲಿ 0.45 ಮಿಲಿಮೀಟರ್, 450 ಮೈಕ್ರಾನ್. ಅದರೊಳಗೆ ಉದ್ದಕ್ಕೆ ಎರಡು ಈರುಳ್ಳಿ ಕೋಶ ಹಿಡಿಸಿದ್ರೆ ಒಂದು ಕೋಶ ಸುಮಾರು 225 ಮೈಕ್ರಾನ್. ಲೆಕ್ಕ ಅಷ್ಟೇ.

ಒಂದು ಅಂದಾಜು ಇಟ್ಕೊಳ್ಳಿ: ಕೆನ್ನೆ ಕೋಶ 50ರಿಂದ 60 ಮೈಕ್ರಾನ್, ಕೆಂಪು ರಕ್ತಕಣ 7ರಿಂದ 8, ಯೀಸ್ಟ್ 5 ಆಸುಪಾಸು, ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ಮನುಷ್ಯರ ಅಂಡಾಣು ಸುಮಾರು 100 ಮೈಕ್ರಾನ್, ಅಂದ್ರೆ ಬರಿಗಣ್ಣಿಗೂ ಒಂದು ಸಣ್ಣ ಚುಕ್ಕೆಯಾಗಿ ಕಾಣೋ ಅಂಚಲ್ಲಿದೆ.

ಮೈಟೋಕಾಂಡ್ರಿಯಾ, ರೈಬೋಸೋಮ್ ಯಾಕೆ ಕಾಣಲ್ಲ? ಪುಸ್ತಕದ ಚಿತ್ರದಲ್ಲಿ ಎಲ್ಲಾ ಇದೆಯಲ್ಲ.

ಇವೆಲ್ಲ ಕೋಶದೊಳಗಿನ ತೀರಾ ಸಣ್ಣ ಭಾಗಗಳು. ಪುಸ್ತಕದ ಚಿತ್ರ ಒಂದು ಮೈಕ್ರೋಸ್ಕೋಪಲ್ಲಿ ಒಂದು ಸಲ ನೋಡಿ ಬರೆದಿದ್ದಲ್ಲ. ಅದು ಬೇರೆ ಬೇರೆ ವಿಧಾನದಿಂದ, ಮುಖ್ಯವಾಗಿ ಬೆಳಕಿನ ಬದಲು ಎಲೆಕ್ಟ್ರಾನ್ ಬಳಸೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಂದ ಗೊತ್ತಾಗಿದ್ದನ್ನೆಲ್ಲ ಒಟ್ಟು ಸೇರಿಸಿ ಮಾಡಿರೋ ನಕ್ಷೆ. ರೈಬೋಸೋಮ್ 0.02ರಿಂದ 0.03 ಮೈಕ್ರಾನ್, ಬೆಳಕಿನ ಮಿತಿಗಿಂತ ತುಂಬಾ ಕೆಳಗೆ. ಮೈಟೋಕಾಂಡ್ರಿಯಾ ಅರ್ಧದಿಂದ ಒಂದು ಮೈಕ್ರಾನ್ ದಪ್ಪ, ಮಿತಿ ಒಳಗೇ ಇದೆ, ಆದ್ರೆ ಬಣ್ಣ ಇಲ್ಲ, ಹಾಗಾಗಿ ವಿಶೇಷ ಬಣ್ಣ ಹಾಕದೆ ಗೊತ್ತಾಗಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನ ರುಸ್ಕಾ ಮತ್ತೆ ನಾಲ್ ಅನ್ನೋರು 1931ರಲ್ಲಿ ಜರ್ಮನಿಯಲ್ಲಿ ಮಾಡಿದ್ದು, ರುಸ್ಕಾಗೆ ನೊಬೆಲ್ ಬಂದಿದ್ದು 1986ರಲ್ಲಿ. ಕೊರೋನಾ ವೈರಸ್ ನಮ್ಮ ಮೈಕ್ರೋಸ್ಕೋಪಲ್ಲಿ ಕಾಣುತ್ತಾ ಅಂತ ಆ ವರ್ಷಗಳಲ್ಲಿ ತುಂಬಾ ಜನ ಕೇಳಿದ್ರು, ಅದು 0.1 ಮೈಕ್ರಾನ್, ಕಾಣಲ್ಲ.

ಮಕ್ಕಳಿಗೆ ನಾನು ಹೇಳೋದು, ಕಂಡಿದ್ದನ್ನ ಮಾತ್ರ ಬರೀರಿ. ಪ್ರಾಕ್ಟಿಕಲ್ ರೆಕಾರ್ಡಲ್ಲಿ ಈರುಳ್ಳಿ ಕೋಶಕ್ಕೆ ಗಾಲ್ಗಿ (ನಿಮ್ಮ ಸ್ಲೈಡಲ್ಲಿ ಕಾಣದ ಇನ್ನೊಂದು ಒಳಭಾಗ) ಬರೆದು ಹೆಸರು ಹಾಕಿದ್ರೆ ಅದು ಸುಳ್ಳು ಸಾಕ್ಷಿ ಹೇಳಿದ ಹಾಗೆ.

ಜೀವಕೋಶನ ಮೊದಲು ನೋಡಿದ್ದು ಯಾರು, ಹುಕ್ಕಾ ಲೇವನ್‌ಹುಕ್ಕಾ?

ಇಬ್ಬರ ಹೆಸರೂ ಒಂದೇ ಥರ ಇರೋದ್ರಿಂದ ಪರೀಕ್ಷೇಲಿ ಎಲ್ಲರೂ ಕಲಸ್ಕೊಳ್ತಾರೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಬಾಟಲಿ ಬಿರಡೆ ಮಾಡೋ ಕಾರ್ಕನ್ನ ತೆಳ್ಳಗೆ ಕೊಯ್ದು ನೋಡಿ, ಜೇನುಗೂಡಿನ ಹಾಗೆ ಕೋಣೆ ಕೋಣೆ ಕಂಡು ಅದಕ್ಕೆ ಸೆಲ್ ಅಂತ ಹೆಸರಿಟ್ರು, 1665ರ ಪುಸ್ತಕದಲ್ಲಿದೆ. ಆದ್ರೆ ಅವರು ನೋಡಿದ್ದು ಸತ್ತ ಕೋಶದ ಬರೀ ಗೋಡೆ. ಜೀವ ಇರೋದನ್ನ, ಓಡಾಡೋದನ್ನ ನೋಡಿದ್ದು ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟೊನಿ ವಾನ್ ಲೇವನ್‌ಹುಕ್, ಬಟ್ಟೆ ವ್ಯಾಪಾರಿ, ಕಾಲೇಜಿನ ಮೆಟ್ಟಿಲು ಹತ್ತಿದೋರಲ್ಲ. ತಾವೇ ತಿಕ್ಕಿ ಮಾಡಿದ ಒಂದೇ ಒಂದು ಪುಟ್ಟ ಲೆನ್ಸಲ್ಲಿ 1670ರ ದಶಕದಲ್ಲಿ ಕೆರೆ ನೀರಿನ ಜೀವಿಗಳನ್ನ ನೋಡಿದ್ರು, 1683ರಲ್ಲಿ ಹಲ್ಲಿನ ಪಾಚಿ ಕೆರೆದು ಬ್ಯಾಕ್ಟೀರಿಯಾ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ್ರು. ಉಳಿದಿರೋ ಅವರ ಲೆನ್ಸುಗಳಲ್ಲಿ ಒಂದು ಸುಮಾರು 270 ಪಟ್ಟು ದೊಡ್ಡದು ಮಾಡುತ್ತೆ. ಅವರು ಕಂಡ ಮುಕ್ಕಾಲು ಪಾಲು ಸಂಗತಿ ನಿಮ್ಮ 400ರ ಮೈಕ್ರೋಸ್ಕೋಪಲ್ಲಿ ನೀವೂ ಕಾಣಬಹುದು, ಇದು ನಂಗೆ ಈಗಲೂ ಮೈ ಜುಂ ಅನ್ನಿಸೋ ವಿಷಯ.

ಎಲ್ಲಾ ಗಿಡ ಕೋಶದಿಂದ ಆಗಿದೆ ಅಂತ ಶ್ಲೈಡನ್ ಹೇಳಿದ್ದು 1838, ಪ್ರಾಣಿಗಳೂ ಹಾಗೇ ಅಂತ ಶ್ವಾನ್ ಹೇಳಿದ್ದು 1839, ಕೋಶ ಹುಟ್ಟೋದು ಇನ್ನೊಂದು ಕೋಶದಿಂದಲೇ ಅಂತ ವಿರ್ಖೋ ಹೇಳಿದ್ದು 1855.

ಹೊಂಡದ ನೀರಲ್ಲಿ ಪ್ಯಾರಮೀಸಿಯಂ ಸಿಗ್ತಿಲ್ಲ.

ಪ್ಯಾರಮೀಸಿಯಂ ಅಂದ್ರೆ ಒಂದೇ ಕೋಶದ ಪುಟ್ಟ ಜೀವಿ, ನೇರ ನೀರಲ್ಲಿ ಹುಡುಕಿದ್ರೆ ಸಿಗೋದು ಅದೃಷ್ಟ. ಒಂದು ಹಿಡಿ ಒಣಹುಲ್ಲು ನೀರಲ್ಲಿ ಕುದಿಸಿ ಆರಿಸಿ, ಅದಕ್ಕೆ ಗದ್ದೆ ಬದಿ ಹೊಂಡದ ಕೊಳೆತ ಎಲೆ ಇರೋ ಜಾಗದ ನೀರು ಅರ್ಧ ಲೋಟ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ನೇರ ಬಿಸಿಲು ಬೀಳದ ಕಡೆ ಇಡಿ. ನಾಲ್ಕೈದು ದಿನಕ್ಕೆ ಮೇಲೆ ಒಂದು ಪೊರೆ ಕಟ್ಟುತ್ತೆ, ವಾಸನೆ ಬರುತ್ತೆ, ಪರವಾಗಿಲ್ಲ, ಆ ಪೊರೆಯ ಕೆಳಗಿಂದ ಹನಿ ತೆಗೀರಿ. ಮೊದಲು ಬ್ಯಾಕ್ಟೀರಿಯಾ ಹೆಚ್ಚುತ್ತೆ, ಆಮೇಲೆ ಅದನ್ನ ತಿನ್ನೋ ಇವು ಹೆಚ್ಚುತ್ತೆ. ಪ್ಯಾರಮೀಸಿಯಂ ಚಪ್ಪಲಿ ಆಕಾರ, ಕಾಲು ಮಿಲಿಮೀಟರ್ ಆಸುಪಾಸು, ಗಿರಕಿ ಹೊಡೀತಾ ಓಡುತ್ತೆ, ಫೋಕಸ್ ಮಾಡೋಕೇ ಬಿಡಲ್ಲ. ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿದ್ರೆ ಬೇಲಿ ಹಾಕಿದ ಹಾಗೆ ಆಗಿ ಒಂದು ಕಡೆ ನಿಲ್ಲುತ್ತೆ. ಆಗ ಮೈಯ ಎರಡು ತುದಿಯಲ್ಲಿ ಒಂದು ಪಾರದರ್ಶಕ ಗುಳ್ಳೆ ಉಬ್ಬೋದು, ಪಟ್ಟಂತ ಮಾಯ ಆಗೋದು ನೋಡಿ. ಒಳಗೆ ನುಗ್ಗಿದ ನೀರನ್ನ ಹೊರಗೆ ಹಾಕೋ ಪಂಪ್ ಅದು.

ದೋಸೆ ಹಿಟ್ಟು, ಮೊಸರು ನೋಡಿದ್ರೆ ಚುಕ್ಕೆಗಳು ನಡುಗ್ತಾ ಇವೆ, ಎಲ್ಲಾ ಬ್ಯಾಕ್ಟೀರಿಯಾನಾ?

ನಡುಗೋದೆಲ್ಲ ಜೀವ ಅಲ್ಲ. ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದೋದ್ರಿಂದ ಸಣ್ಣ ಕಣ ಯಾವುದೇ ಆದ್ರೂ ನಡುಗುತ್ತೆ, 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದ ಕಣಗಳಲ್ಲಿ ಗಮನಿಸಿದ್ದು ಇದನ್ನೇ. ನ್ಯೂಕ್ಲಿಯಸ್ ಅನ್ನೋ ಹೆಸರಿಟ್ಟಿದ್ದೂ ಅದೇ ಬ್ರೌನ್, 1831ರಲ್ಲಿ, ಆರ್ಕಿಡ್ ಗಿಡದ ಕೋಶ ನೋಡಿ. ಇದ್ದಲ್ಲೇ ನಡುಗಿದ್ರೆ ಬರೀ ಕಣ ಇರಬಹುದು, ಒಂದು ದಿಕ್ಕು ಹಿಡಿದು ಹೋಗಿ ತಿರುಗಿ ಬಂದ್ರೆ ಜೀವ.

ದೋಸೆ ಹಿಟ್ಟಲ್ಲಿ ಕಾಣೋದು ಬಹುಪಾಲು ಅಕ್ಕಿಯ ಪಿಷ್ಟ. ಹಿಟ್ಟು ಉಬ್ಬಿಸೋ ಲ್ಯೂಕೋನಾಸ್ಟಾಕ್ ಬ್ಯಾಕ್ಟೀರಿಯಾ ಅದರ ನಡುವೆ ಅಡಗಿರುತ್ತೆ. ಮೊಸರು ಇದಕ್ಕಿಂತ ಒಳ್ಳೇದು, ಒಂದು ತೊಟ್ಟು ತಿಳಿಯನ್ನ ನೀರಲ್ಲಿ ತೆಳು ಮಾಡಿ, ಸ್ಲೈಡಿಗೆ ಸವರಿ, ಒಣಗಿಸಿ, ದೀಪದ ಮೇಲೆ ಎರಡು ಮೂರು ಸಲ ಬೇಗ ಹಾಯಿಸಿ, ಮೆಥಿಲೀನ್ ಬ್ಲೂ ಒಂದು ನಿಮಿಷ ಹಾಕಿ ತೊಳೆದು ಎಣ್ಣೆ ಲೆನ್ಸಲ್ಲಿ ನೋಡಿ. ಕಡ್ಡಿ ಕಡ್ಡಿ ಒಂದು ಜಾತಿ, ಮಣಿಸರದ ಥರ ಇನ್ನೊಂದು ಜಾತಿ.

ಎಣ್ಣೆ ಲೆನ್ಸಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ?

ಬೇಡ. ಈ ಲೆನ್ಸಿಗೆ ಹಾಕೋ ಇಮ್ಮರ್ಷನ್ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ, 1.515, ಗಾಜಿನಷ್ಟೇ, ಹಾಗಾಗಿ ಸ್ಲೈಡಿಂದ ಹೊರಟ ಬೆಳಕು ಬಾಗದೆ ನೇರ ಲೆನ್ಸಿಗೆ ಹೋಗುತ್ತೆ. ಕೊಬ್ಬರಿ ಎಣ್ಣೆ ಅಷ್ಟಿಲ್ಲ, ಮೇಲಾಗಿ ಚಳಿಗೆ ಗಟ್ಟಿ ಆಗುತ್ತೆ, ಅಂಟಾಗಿ ಲೆನ್ಸ್ ಹಾಳಾಗುತ್ತೆ. ಒಂದು ಹನಿ ಸರಿಯಾದ ಎಣ್ಣೆ ಹಾಕಿ, ಕೆಲಸ ಮುಗಿದ ತಕ್ಷಣ ಲೆನ್ಸ್ ಪೇಪರಲ್ಲಿ ಒರೆಸಿ. 40ರ ಲೆನ್ಸಿಗೆ ಎಣ್ಣೆ ತಾಗಬಾರದು, 100ರಿಂದ ವಾಪಸ್ 40ಕ್ಕೆ ತಿರುಗಿಸೋವಾಗಲೇ ಎಲ್ಲರೂ ತಪ್ಪೋದು.

ಕೆಸುವಿನ ಎಲೆ ಯಾಕೆ ತುರಿಸುತ್ತೆ ಅಂತ ಮೈಕ್ರೋಸ್ಕೋಪಲ್ಲಿ ಕಾಣುತ್ತಂತೆ ಹೌದಾ?

ಹೌದು, ನಂಗೆ ತುಂಬಾ ಇಷ್ಟದ ಸ್ಲೈಡ್ ಇದು. ಕೆಸುವಿನ ದಂಟನ್ನ ಬ್ಲೇಡಲ್ಲಿ ಎಷ್ಟು ತೆಳು ಆಗುತ್ತೋ ಅಷ್ಟು ತೆಳುವಾಗಿ ಕೊಯ್ದು, ಇಲ್ಲಾ ಸುಮ್ನೆ ರಸ ಹಿಂಡಿ ಒಂದು ಹನಿ ನೀರಲ್ಲಿ ಹಾಕಿ ನೋಡಿ. ಕೈಗೆ ಮೊದಲೇ ಎಣ್ಣೆ ಸವರ್ಕೊಳ್ಳಿ, ಪತ್ರೊಡೆ ಮಾಡೋರು ಮಾಡೋ ಹಾಗೇ. 100 ಪಟ್ಟಲ್ಲೇ ಸೂಜಿಗಳು ಕಾಣುತ್ತೆ, ಬೆಂಕಿಪೊಟ್ಟಣದಲ್ಲಿ ಕಡ್ಡಿ ಜೋಡಿಸಿದ ಹಾಗೆ ಕಟ್ಟು ಕಟ್ಟಾಗಿ, ಎರಡೂ ತುದಿ ಚೂಪು. ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಅದು, ರ‍್ಯಾಫೈಡ್ ಅಂತಾರೆ. ಒಂದೊಂದು ಕೋಶದೊಳಗೆ ಒಂದು ಕಟ್ಟು. ಕೋಶ ಒಡೆದಾಗ ಸೂಜಿಗಳು ಚೆಲ್ಲಾಪಿಲ್ಲಿ ಆಗಿ ನಾಲಿಗೆಗೆ, ಗಂಟಲಿಗೆ ಚುಚ್ಚುತ್ತೆ. ಡಯಾಫ್ರಾಮ್ ಮುಚ್ತಾ ಹೋದ ಹಾಗೆ ಅವು ಮಿಂಚೋಕೆ ಶುರು ಆಗುತ್ತೆ. ಸುವರ್ಣಗಡ್ಡೆಯಲ್ಲೂ ಇದೇ ಸಿಗುತ್ತೆ. ಪತ್ರೊಡೆಗೆ ಹುಣಸೆಹುಳಿ ಯಾಕೆ ಬೀಳಲೇಬೇಕು ಅಂತ ಅಜ್ಜಿ ಬೈತಿದ್ದಿದ್ದು ಇದನ್ನ ನೋಡಿದ ದಿನ ನಂಗೆ ನೆನಪಾಯ್ತು.

ಕೋಶ ವಿಭಜನೆ ನೋಡಬೇಕು, ಬೇರಿನ ತುದಿ ಸ್ಲೈಡ್ ಮಾಡಿದ್ರೆ ಬರೀ ಚುಕ್ಕೆ ಕಾಣುತ್ತೆ.

ಈರುಳ್ಳಿಯ ಬುಡ ನೀರಿಗೆ ತಾಗೋ ಹಾಗೆ ಲೋಟದ ಮೇಲಿಟ್ಟರೆ ಎರಡು ಮೂರು ದಿನಕ್ಕೆ ಬೇರು ಬರುತ್ತೆ. ಬೇಕಾಗಿರೋದು ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ. ಬೆಳಗ್ಗೆ ಹೊತ್ತು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್ ಮೂರು ಪಾಲು ಆಲ್ಕೋಹಾಲ್ ಮಿಶ್ರಣದಲ್ಲಿ ಒಂದು ದಿನ ಇಡ್ತೀವಿ. ಆಮೇಲೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಮೆತ್ತಗಾಗಿಸಿ, ಅಸಿಟೋಕಾರ್ಮಿನ್ ಅನ್ನೋ ಬಣ್ಣ ಹಾಕಿ, ಕವರ್ ಸ್ಲಿಪ್ ಮೇಲೆ ಫಿಲ್ಟರ್ ಪೇಪರ್ ಮಡಚಿಟ್ಟು ಹೆಬ್ಬೆರಳಲ್ಲಿ ನೇರ ಒತ್ತಬೇಕು, ಜಾರಿಸಬಾರದು. ಆಸಿಡ್ ಕೆಲಸ ಮನೇಲಿ ಬೇಡ, ಲ್ಯಾಬಲ್ಲಿ ಮೇಷ್ಟ್ರ ಎದುರಲ್ಲೇ ಮಾಡಿ.

ಬರೀ ಚುಕ್ಕೆ ಕಾಣೋದು ಯಾಕಂದ್ರೆ ಹೆಚ್ಚಿನ ಕೋಶಗಳು ಯಾವಾಗಲೂ ಇಂಟರ್‌ಫೇಸಲ್ಲೇ ಇರುತ್ತೆ, ಅಂದ್ರೆ ಎರಡು ವಿಭಜನೆ ನಡುವಿನ ಹೊತ್ತಲ್ಲಿ, ವಿಭಜನೆಗೆ ಹಿಡಿಯೋ ಹೊತ್ತು ಕಮ್ಮಿ. ಮತ್ತೆ ತುದಿ ಬಿಟ್ಟು ಮೇಲಿನ ಭಾಗ ತಗೊಂಡಿದ್ರೆ ಕೋಶಗಳು ಉದ್ದ ಇರುತ್ತೆ, ಅಲ್ಲಿ ವಿಭಜನೆ ಮುಗಿದಿರುತ್ತೆ. ಚೌಕಾಕಾರದ ಕೋಶ, ದೊಡ್ಡ ನ್ಯೂಕ್ಲಿಯಸ್ ಇರೋ ಜಾಗ ಹುಡುಕಿ ಅಲ್ಲೇ ಓಡಾಡಿ. ಈರುಳ್ಳಿಗೆ 16 ಕ್ರೋಮೋಸೋಮ್, ಚೆನ್ನಾಗಿ ಹರಡಿದ ಒಂದು ಮೆಟಾಫೇಸ್, ಅಂದ್ರೆ ಕ್ರೋಮೋಸೋಮ್ ಎಲ್ಲಾ ಕೋಶದ ನಡುವೆ ಸಾಲಾಗಿ ನಿಂತ ಹಂತ, ಸಿಕ್ಕಿದ್ರೆ ಎಣಿಸೋಕೂ ಆಗುತ್ತೆ.

ಕೋಳಿ ಮೊಟ್ಟೆ ಒಂದೇ ಜೀವಕೋಶನಾ?

ಬಿಳಿ ಲೋಳೆ, ಚಿಪ್ಪು ಸೇರಿಸಿ ಹೇಳೋದಾದ್ರೆ ಅಲ್ಲ. ಹಳದಿ ಭಾಗ ಒಂದು ಕೋಶ, ಅದೂ ಹುಂಜದ ಸಂಪರ್ಕ ಇಲ್ಲದ ಅಂಗಡಿ ಮೊಟ್ಟೆಯಾದ್ರೆ. ಫಲಿತ ಮೊಟ್ಟೆಯಲ್ಲಿ ಇಡೋ ಹೊತ್ತಿಗೇ ಹಳದಿ ಮೇಲಿನ ಬಿಳಿ ಚುಕ್ಕೆಯಲ್ಲಿ ಸಾವಿರಾರು ಕೋಶ ಆಗಿಬಿಟ್ಟಿರುತ್ತೆ.

ಮನೆಗೆ ಯಾವ ಮೈಕ್ರೋಸ್ಕೋಪ್ ತಗೊಳ್ಳೋದು?

ಆಟಿಕೆ ಥರದ ಪ್ಲಾಸ್ಟಿಕ್ ಲೆನ್ಸಿಂದು ಬೇಡ, ಮಗುಗೆ ಒಂದು ವಾರದಲ್ಲಿ ಆಸಕ್ತಿನೇ ಹೋಗುತ್ತೆ. ಲೋಹದ ಬಾಡಿ, ಗಾಜಿನ ಲೆನ್ಸ್, ಕೆಳಗೆ ಎಲ್‌ಇಡಿ, ಡಯಾಫ್ರಾಮ್, ಸಣ್ಣ ನಾಬ್ ಬೇರೆ ಇರೋದು ನೋಡಿ. ನಮ್ಮ ದೇಶದಲ್ಲಿ ಶಾಲಾ ಕಾಲೇಜಿನ ಉಪಕರಣ ತುಂಬಾ ತಯಾರಾಗೋದು ಹರಿಯಾಣದ ಅಂಬಾಲಾದಲ್ಲಿ, ಅಲ್ಲಿಂದ ಬರೋ ಸಾಮಾನ್ಯ ಸ್ಟೂಡೆಂಟ್ ಮಾಡೆಲ್ ಸಾಕು. ಕೊಳ್ಳೋ ಮೊದಲು ಈರುಳ್ಳಿ ತಗೊಂಡೋಗಿ ಅಂಗಡೀಲೇ ನೋಡಿ, ಸಂಕೋಚ ಬೇಡ. ಅಷ್ಟು ದುಡ್ಡು ಬೇಡ ಅನ್ನೋರಿಗೆ ಫೋಲ್ಡ್‌ಸ್ಕೋಪ್ ಇದೆ, ಸ್ಟ್ಯಾನ್‌ಫೋರ್ಡಿನ ಮನು ಪ್ರಕಾಶ್ ಮತ್ತೆ ಅವರ ತಂಡ ಮಾಡಿದ ಕಾಗದದ ಮೈಕ್ರೋಸ್ಕೋಪ್, ಸುಮಾರು 140 ಪಟ್ಟು, ಜೇಬಲ್ಲಿ ಇಟ್ಕೊಂಡು ತೋಟಕ್ಕೆ ಹೋಗಬಹುದು.

ಮಳೆಗಾಲದಲ್ಲಿ ಲೆನ್ಸ್ ಒಳಗೆ ಜೇಡರ ಬಲೆ ಥರ ಬಂದಿದೆ.

ಫಂಗಸ್. ಮಲೆನಾಡು, ಕರಾವಳಿ ಕಡೆ ಮೈಕ್ರೋಸ್ಕೋಪ್ ಸಾಯೋದು ಬಿದ್ದು ಅಲ್ಲ, ಇದರಿಂದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಗ ಇದ್ದ ಸಂಸ್ಥೆಯಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಆರು ಮೈಕ್ರೋಸ್ಕೋಪ್ ಮರದ ಪೆಟ್ಟಿಗೆಯಲ್ಲೇ ಇದ್ವು, ತೆಗೆದು ನೋಡಿದ್ರೆ ನಾಲ್ಕರ ಲೆನ್ಸಲ್ಲಿ ಬೂಸ್ಟು ಬೇರು ಬಿಟ್ಟಿತ್ತು. ಒರೆಸಿದ್ರೂ ಹೋಗಲಿಲ್ಲ, ಅದು ಗಾಜಿನ ಮೇಲಿನ ಲೇಪನವನ್ನೇ ತಿಂದಿರುತ್ತೆ. ಆ ವರ್ಷದ ಮಕ್ಕಳು ಎರಡೇ ಮೈಕ್ರೋಸ್ಕೋಪಲ್ಲಿ ಸರದಿ ನಿಂತು ನೋಡಿದ್ದು ನಂಗೆ ಇವತ್ತಿಗೂ ಬೇಜಾರು.

ಮರದ ಪೆಟ್ಟಿಗೆ ತೇವ ಹಿಡಿದಿಟ್ಕೊಳ್ಳುತ್ತೆ, ಮಳೆಗಾಲಕ್ಕೆ ಬೇಡ. ಲೆನ್ಸುಗಳನ್ನ ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ತುಂಬಿದೆ ಅಂತ ಅರ್ಥ, ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗುತ್ತೆ, ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ. ನಾವು ಈಗ ಒಂದು ಕಪಾಟಿನೊಳಗೆ 40 ವ್ಯಾಟಿನ ಹಳೇ ಥರದ ಬಲ್ಬ್ ಉರಿಸಿ ಬೆಚ್ಚಗಿಡ್ತೀವಿ, ಎಲ್‌ಇಡಿ ಆದ್ರೆ ಶಾಖ ಸಾಲಲ್ಲ. ವಾರಕ್ಕೊಂದು ಸಲ ತೆಗೆದು ಬಳಸೋದಕ್ಕಿಂತ ಒಳ್ಳೇ ಔಷಧಿ ಇಲ್ಲ. ಒರೆಸೋಕೆ ಲೆನ್ಸ್ ಪೇಪರ್, ಬೇಕಾದ್ರೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್. ಅಂಗಿ ತುದಿ, ಸೆರಗು, ಕರ್ಚೀಫು ಯಾವುದೂ ಬೇಡ, ಅದರಲ್ಲಿರೋ ಧೂಳೇ ಗೀರು ಹಾಕುತ್ತೆ. ಒಳಗೆ ಹೋಗಿರೋ ಫಂಗಸನ್ನ ನೀವು ಬಿಚ್ಚಬೇಡಿ, ರಿಪೇರಿ ಗೊತ್ತಿರೋರಿಗೆ ಕೊಡಿ.

ಮಾಡಿದ ಸ್ಲೈಡ್ ಎಷ್ಟು ಹೊತ್ತು ಇರುತ್ತೆ?

ನೀರಲ್ಲಿ ಮಾಡಿದ್ದು ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗೋಕೆ ಶುರು ಆಗುತ್ತೆ. ನೀರಿನ ಬದಲು ತೆಳು ಗ್ಲಿಸರಿನ್ ಹಾಕಿದ್ರೆ ಇಡೀ ದಿನ ಇರುತ್ತೆ. ಅದರ ಮೇಲೆ ಕವರ್ ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ ಒಣಗಿಸಿದ್ರೆ ಕೆಲವು ದಿನ ಇಡಬಹುದು, ಬಣ್ಣ ಇಲ್ಲದ ಪಾಲಿಶ್ ಆದ್ರೆ ಒಳ್ಳೇದು. ಸ್ಲೈಡಿನ ತುದಿಗೆ ಒಂದು ಚೀಟಿ ಅಂಟಿಸಿ ಏನು, ಯಾವತ್ತು, ಯಾವ ಬಣ್ಣ ಅಂತ ಬರೀರಿ, ಇಲ್ಲಾಂದ್ರೆ ಮಾರನೇ ದಿನಕ್ಕೆ ಎಲ್ಲಾ ಗಾಜೂ ಒಂದೇ ಥರ ಕಾಣುತ್ತೆ.